ಕಲಬುರಗಿಯ ಬಿಸಿಲಿನಲ್ಲಿ ಹೊಸ ಟೆಲಿಫೋಟೊ ಲೆನ್ಸ್

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯಲ್ಲಿ ಹೊಸ ಟೆಲಿಫೋಟೊ ಲೆನ್ಸ್ (ದೂರದ್ದನ್ನು ಹತ್ತಿರ ತಂದು ತೋರಿಸುವ ಲೆನ್ಸ್) ಪರೀಕ್ಷಿಸಲು ಹೊರಟವರಿಗೆ ನನ್ನ ಮೊದಲ ಮಾತು ಇದು: ಹೊತ್ತು ಏರಿದ ಮೇಲೆ ದೂರದ ಗುಮ್ಮಟಕ್ಕೆ ಗುರಿಯಿಟ್ಟು ಲೆನ್ಸಿನ ಯೋಗ್ಯತೆ ಅಳೆಯಬೇಡಿ. ಆಗ ನೀವು ಅಳೆಯುವುದು ನಡುವೆ ಇರುವ ಬಿಸಿಗಾಳಿಯನ್ನು. ಮದುವೆ, ಜಾತ್ರೆ, ಸಭೆ ಸಮಾರಂಭಗಳ ಫೋಟೊ ತೆಗೆಯುವುದು ನನ್ನ ಹೊಟ್ಟೆಪಾಡು. ಎರಡು ಲಕ್ಷ ರೂಪಾಯಿ ದಾಟುವ ಲೆನ್ಸನ್ನು ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ಆರಿಸುವುದು ನನ್ನಿಂದಾಗದು. ಜಾತ್ರೆಯಿಂದ ಲಗ್ನದ ಹಂಗಾಮಿನವರೆಗೆ ಬೇಕಾದಾಗಲೆಲ್ಲ ಅದನ್ನು ಬಾಡಿಗೆಗೆ ತಂದು, ನನ್ನ ಕೆಲಸದಲ್ಲೇ ದುಡಿಸಿ ನೋಡಿದೆ. ಆಗ ತಿಳಿದದ್ದನ್ನು ನಮ್ಮ ಭಾಗದ ಛಾಯಾಗ್ರಾಹಕರಿಗಾಗಿ ಬರೆಯುತ್ತಿದ್ದೇನೆ.

ಲೆನ್ಸ್ ಸೋನಿಯ 70–200 ಮಿ.ಮೀ. ಎಫ್/2.8 ಜಿ ಮಾಸ್ಟರ್, ಎರಡನೆಯ ಆವೃತ್ತಿ. 2021ರಲ್ಲಿ ಬಂದದ್ದು. ಮಿ.ಮೀ. ಸಂಖ್ಯೆ ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ; ಎಫ್ ಸಂಖ್ಯೆ ಕಡಿಮೆಯಾದಷ್ಟೂ ಒಳಗೆ ಬರುವ ಬೆಳಕು ಹೆಚ್ಚು. ಟ್ರೈಪಾಡ್ ಪಟ್ಟಿ ಬಿಟ್ಟರೆ ತೂಕ 1,045 ಗ್ರಾಂ. ಮೊದಲ ಆವೃತ್ತಿಯದು 1,480 ಗ್ರಾಂ. ಅರಿಶಿನದಿಂದ ಹಿಡಿದು ಆರತಕ್ಷತೆಯವರೆಗೆ ನಿಂತೇ ಕೆಲಸ ಮಾಡುವವರ ಮಣಿಕಟ್ಟಿಗೆ ಈ ವ್ಯತ್ಯಾಸದ ಬೆಲೆ ಗೊತ್ತು. ಜೂಮ್ ಮಾಡಿದಾಗ ಕೊಳವೆ ಮುಂದಕ್ಕೆ ಚಾಚುವುದಿಲ್ಲ, ಚಲನೆಯೆಲ್ಲ ಒಳಗೇ ನಡೆಯುತ್ತದೆ. ನಮ್ಮ ಕಡೆ ಇದು ದೊಡ್ಡ ಗುಣ. ಯಾದಗಿರಿ ಜಿಲ್ಲೆಯ ಮೈಲಾಪುರದಲ್ಲಿ ಸಂಕ್ರಾಂತಿಯ ಜಾತ್ರೆಗೆ ಹೋದವರಿಗೆ ಭಂಡಾರ ಹಾರುವ ಪರಿ ಗೊತ್ತಿರುತ್ತದೆ: ಮೈ, ಬಟ್ಟೆ, ಕ್ಯಾಮೆರಾ ಎಲ್ಲವೂ ಹಳದಿ. ಮುಂದೆ ಹಿಂದೆ ಚಾಚುವ ಕೊಳವೆ ಅಂಥ ನುಣುಪು ಪುಡಿಯನ್ನು ಪ್ರತಿ ಎಳೆತದಲ್ಲೂ ಒಳಗೆ ಸೇರಿಸಿಕೊಳ್ಳುವ ಅಪಾಯವಿದೆ.

ಇನ್ನು ಬಿಸಿಯ ಮಾತು. ಸೇಡಂ ರಸ್ತೆಯ ಕಡೆ ಇರುವ ಬುದ್ಧ ವಿಹಾರದ ಬಿಳಿ ಗುಮ್ಮಟ ಲೆನ್ಸ್ ಪರೀಕ್ಷೆಗೆ ಹೇಳಿ ಮಾಡಿಸಿದ ವಸ್ತು. ನೀಲಿ ಆಕಾಶದ ಎದುರು ಬಿಳಿಯ ಅಂಚು ಇರುವಾಗ ಲೆನ್ಸ್ ಕಳಪೆಯಾಗಿದ್ದರೆ ನೇರಳೆ ಬಣ್ಣದ ಗೆರೆ ಎದ್ದು ಕಾಣುತ್ತದೆ. ಒಂದೇ ಜಾಗದಲ್ಲಿ ನಿಂತು, ಅದೇ ಕ್ಯಾಮೆರಾ, ಅದೇ 200 ಮಿ.ಮೀ., ಅದೇ ಎಫ್/4 ಇಟ್ಟುಕೊಂಡು ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ತೆಗೆದೆ. ಬೆಳಗಿನ ಚಿತ್ರದಲ್ಲಿ ಗುಮ್ಮಟದ ಅಂಚು ಕತ್ತರಿಸಿಟ್ಟಷ್ಟು ಸ್ಪಷ್ಟ, ನೇರಳೆಯ ಸುಳಿವೂ ಇಲ್ಲ. ಮಧ್ಯಾಹ್ನದ ಚಿತ್ರದಲ್ಲಿ ಅದೇ ಅಂಚು ಅಲುಗಿದ ನೀರಿನೊಳಗಿನ ಬಿಂಬದಂತೆ ಅಲೆಅಲೆಯಾಗಿತ್ತು. ಮಧ್ಯಾಹ್ನದ ಚಿತ್ರ ಒಂದನ್ನೇ ನೋಡಿದವರು ಈ ಲೆನ್ಸಿಗೆ ಇಷ್ಟು ದುಡ್ಡೇಕೆ ಎಂದು ಕೇಳದೇ ಇರಲಾರರು.

ಕಾರಣ ಸರಳ. ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ; ಬಿಸಿಗಾಳಿ ಮೇಲೇಳುತ್ತದೆ, ತಣ್ಣನೆಯದು ಕೆಳಗಿಳಿಯುತ್ತದೆ. ಎರಡರ ಸಾಂದ್ರತೆ ಬೇರೆ, ಆದ್ದರಿಂದ ಬೆಳಕು ಅವುಗಳ ಮೂಲಕ ಬರುವಾಗ ಹಾದಿಯುದ್ದಕ್ಕೂ ಚೂರುಚೂರೇ ಬಾಗುತ್ತದೆ. ಡಾಂಬರು ರಸ್ತೆಯ ಮೇಲೆ ಬಿಸಿಲುಗುದುರೆ ಕುಣಿಸುವುದೂ ಇದೇ ಗಾಳಿ. ದೂರ ಹೆಚ್ಚಿದಷ್ಟೂ ಬಾಗು ಹೆಚ್ಚು, ಲೆನ್ಸ್ ಉದ್ದವಾದಷ್ಟೂ ಆ ಬಾಗು ದೊಡ್ಡದಾಗಿ ಕಾಣುತ್ತದೆ. ಟ್ರೈಪಾಡ್ ಹಾಕಿದರೂ ಇದು ಹೋಗುವುದಿಲ್ಲ, ಅಪರ್ಚರ್ (ಬೆಳಕು ಒಳಬರುವ ಕಿಂಡಿ) ಕಿರಿದು ಮಾಡಿದರೂ ಹೋಗುವುದಿಲ್ಲ. ಶಟರ್ ವೇಗವನ್ನು ಸೆಕೆಂಡಿನ 1/4000ಕ್ಕೆ ಏರಿಸಿದರೆ ಆ ಕ್ಷಣದ ವಕ್ರತೆ ಹಾಗೇ ಸ್ತಬ್ಧವಾಗಿ ಅಚ್ಚಾಗುತ್ತದೆ, ಅಷ್ಟೇ.

ಹಾಗಿದ್ದರೆ ಮಸುಕು ಗಾಳಿಯದೋ ಲೆನ್ಸಿನದೋ ಎಂದು ತಿಳಿಯುವುದು ಹೇಗೆ? ನಾನು ಮಾಡುವುದು ಇಷ್ಟು. ಗುರಿ ಬದಲಿಸದೆ ಒಂದೇ ಉಸಿರಿನಲ್ಲಿ ಸಾಲಾಗಿ ಹಲವು ಚಿತ್ರ ತೆಗೆದು, ಕಂಪ್ಯೂಟರಿನಲ್ಲಿ ಪೂರ್ಣ ಗಾತ್ರಕ್ಕೆ ಹಿಗ್ಗಿಸಿ ಒಂದಾದ ಮೇಲೊಂದು ನೋಡುತ್ತೇನೆ. ಒಂದು ಚಿತ್ರದಲ್ಲಿ ಎಡ ಅಂಚು ಮಸುಕು, ಮುಂದಿನದರಲ್ಲಿ ಅದೇ ಅಂಚು ಚೂಪು ಮತ್ತು ನಡುಭಾಗ ಮಸುಕು – ಹೀಗೆ ಮಸುಕು ಜಾಗ ಬದಲಿಸುತ್ತಿದ್ದರೆ ಅದು ಗಾಳಿ. ಪ್ರತಿ ಚಿತ್ರದಲ್ಲೂ ಅದೇ ಮೂಲೆ ಅಷ್ಟೇ ಮಸುಕಾಗಿದ್ದರೆ ಮಾತ್ರ ಲೆನ್ಸನ್ನು ಶಂಕಿಸಬೇಕು. ಆಗಲೂ ಬೆಳಗಿನ ತಂಪಿನಲ್ಲಿ, ಹತ್ತು ಹದಿನೈದು ಅಡಿ ದೂರದ ಇಟ್ಟಿಗೆ ಗೋಡೆಯ ಮೇಲೆ ಮತ್ತೊಮ್ಮೆ ನೋಡಿಯೇ ಅಂಗಡಿಯವರಿಗೆ ದೂರು ಕೊಡಿ.

ಎಸಿ ಹಾಕಿದ ಕಾರಿನಿಂದ ಇಳಿದ ಕೂಡಲೇ ತೆಗೆದ ಚಿತ್ರಗಳ ಮೇಲೂ ನನಗೆ ನಂಬಿಕೆಯಿಲ್ಲ. ಲೆನ್ಸ್ ತಣ್ಣಗೆ, ಹೊರಗೆ ಬೆಂಕಿ; ಮುಂದಿನ ಹುಡ್‌ನೊಳಗೇ ಗಾಳಿ ಕದಡುತ್ತಿರುತ್ತದೆ. ಸ್ವಲ್ಪ ಹೊತ್ತು ನೆರಳಿನಲ್ಲಿಟ್ಟು, ಎರಡೂ ಒಂದು ಹದಕ್ಕೆ ಬಂದ ಮೇಲೆ ಕೆಲಸ ಶುರು ಮಾಡುವುದು ಒಳ್ಳೆಯದು.

ನಮ್ಮ ಊರಿನ ಮಾಳಿಗೆಗಳಿಗೆ ಹಾಸಿದ ಶಹಾಬಾದ್ ಕಲ್ಲನ್ನೂ ಮರೆಯುವಂತಿಲ್ಲ. ಹಗಲಿಡೀ ಬಿಸಿಲು ಕುಡಿದ ಆ ಪರಸಿ ಸೂರ್ಯ ಮುಳುಗಿದ ಮೇಲೂ ಬಹಳ ಹೊತ್ತು ಕಾವು ಬಿಡುತ್ತಿರುತ್ತದೆ. ಶರಣಬಸವೇಶ್ವರರ ರಥೋತ್ಸವವನ್ನು ಮಾಳಿಗೆಯ ಮೇಲಿನಿಂದ ತೆಗೆಯುವವರು ಹಿಂದೆ ಸರಿದು, ಕಲ್ಲಿನ ಹಾಸಿನ ಮೇಲಿಂದ ನೋಡಬಾರದು. ಪ್ಯಾರಾಪೆಟ್ ಅಂಚಿಗೇ ಬಂದು, ಲೆನ್ಸನ್ನು ಗೋಡೆಯಿಂದ ಹೊರಗೆ ಚಾಚಿ, ನಿಂತು ತೆಗೆಯಬೇಕು. ಇಷ್ಟರಿಂದಲೇ ಚಿತ್ರ ತಿಳಿಯಾಗುವುದನ್ನು ಈ ಸಲ ಕಣ್ಣಾರೆ ಕಂಡೆ.

ತೇರು ಎಳೆಯುವುದು ಸಂಜೆ ಹೊತ್ತು. ಬೆಳಕು ಪ್ರತಿ ನಿಮಿಷ ಇಳಿಯುತ್ತಿರುತ್ತದೆ, ಭಕ್ತರು ತೇರಿನತ್ತ ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಿರುತ್ತಾರೆ. ಗಾಳಿಯಲ್ಲಿರುವ ಹಣ್ಣು ಹಣ್ಣಾಗಿಯೇ ಕಾಣಬೇಕಾದರೆ ಶಟರ್ 1/500ಕ್ಕಿಂತ ಕೆಳಗಿಳಿಯಬಾರದು. ಅಲ್ಲಿ ಎಫ್/2.8 ತನ್ನ ಬೆಲೆ ತೋರಿಸಿತು. ಎಫ್/5.6ರ ಲೆನ್ಸಿಗೆ ಹೋಲಿಸಿದರೆ ನಾಲ್ಕು ಪಟ್ಟು ಬೆಳಕು. ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ; ಹೆಚ್ಚಿಸಿದಷ್ಟೂ ಚಿತ್ರ ಕಾಳುಕಾಳಾಗುತ್ತದೆ) 12,800ಕ್ಕೆ ಹೋಗಬೇಕಾದಲ್ಲಿ 3,200 ಸಾಕಾಯಿತು. ಜನಜಂಗುಳಿಯ ನಡುವೆ ಒಬ್ಬ ಅಜ್ಜಿ, ತಲೆಯ ಮೇಲಿನ ಸೆರಗು ಜಾರದಂತೆ ಎಡಗೈಯಲ್ಲಿ ಹಲ್ಲಿನ ಬಳಿ ಹಿಡಿದುಕೊಂಡು, ಬಲಗೈಯ ಉತ್ತತ್ತಿಯನ್ನು ಇನ್ನೇನು ಬೀಸಬೇಕು. ತುಟಿ ಏನೋ ಜಪಿಸುತ್ತಿದೆ, ಕಣ್ಣು ಕಳಸದ ಮೇಲೆ ನೆಟ್ಟಿದೆ. ಹತ್ತಿರ ಹೋಗಿ ಕ್ಯಾಮೆರಾ ಹಿಡಿದಿದ್ದರೆ ಆ ಕಣ್ಣು ನನ್ನತ್ತ ತಿರುಗುತ್ತಿತ್ತು. ದೂರದಿಂದ ತೆಗೆಯುವ ಲೆನ್ಸಿನ ಮೇಲೆ ನನಗಿರುವ ಪ್ರೀತಿಗೆ ಕಾರಣ ಇದೇ: ಅದು ಜನರನ್ನು ಅವರ ಪಾಡಿಗೆ ಬಿಡುತ್ತದೆ.

ಆದರೆ ಈ ಲೆನ್ಸಿನ ಜೊತೆ ಒಂದು ಹೊಣೆಯೂ ಬರುತ್ತದೆ. ದೂರದಿಂದ 200 ಮಿ.ಮೀ.ನಲ್ಲಿ ತೆಗೆದಾಗ ಹಿಂದಿನವರು ಮುಂದಿನವರ ಹೆಗಲಿಗೇ ಅಂಟಿದಂತೆ ಕಾಣುತ್ತಾರೆ. ಸಾಧಾರಣ ಗುಂಪೂ ಕಿಕ್ಕಿರಿದ ಜನಸಾಗರವಾಗುತ್ತದೆ. ಜಾತ್ರೆಯಲ್ಲಿ ಇದರಿಂದ ಕೇಡಿಲ್ಲ. ರಾಜಕೀಯ ಸಭೆಯ ಫೋಟೊ ಪತ್ರಿಕೆಗೆ ಕೊಡುವಾಗ ಮಾತ್ರ ಅಗಲ ಲೆನ್ಸಿನ ಒಂದು ಚಿತ್ರವನ್ನೂ ಜೊತೆಗೆ ಕಳಿಸುತ್ತೇನೆ. ಎಷ್ಟು ಜನ ಸೇರಿದ್ದರು ಎಂದು ಓದುಗರು ಚಿತ್ರ ನೋಡಿಯೇ ನಂಬುತ್ತಾರೆ, ಆ ನಂಬಿಕೆಯನ್ನು ಕೆಡಿಸುವ ಹಕ್ಕು ನಮಗಿಲ್ಲ.

ಲಗ್ನದ ಮಂಟಪದಲ್ಲಿ ಕಷ್ಟ ಬೇರೆಯದು. ಅಲ್ಲಿ ಬಿಸಿಲಿಲ್ಲ, ದೂರವಿಲ್ಲ, ಇರುವುದು ಬಾಸಿಂಗ. ವಧುವಿನ ಹಣೆಗೆ ಕಟ್ಟಿದ ಬಾಸಿಂಗದ ಎಳೆಗಳು ಕಣ್ಣಿನ ಮುಂದೆ ತೂಗುತ್ತಿರುವಾಗ ಫೋಕಸ್ ಹೋಗಿ ಎಳೆಯ ಮೇಲೆ ಕೂರುತ್ತದೆ. ಮೂರು ಮೀಟರ್ ದೂರದಿಂದ 200 ಮಿ.ಮೀ., ಎಫ್/2.8ರಲ್ಲಿ ಸ್ಪಷ್ಟವಾಗಿ ಸಿಗುವ ಆಳ ಸುಮಾರು ನಾಲ್ಕು ಸೆಂಟಿಮೀಟರ್ ಮಾತ್ರ. ಎಳೆ ಚೂಪಾದರೆ ಕಣ್ಣು ಮಸುಕಾಯಿತೆಂದೇ ಲೆಕ್ಕ. ಐದು ಮೀಟರಿಗೆ ಹಿಂದೆ ಸರಿದು ಎಫ್/5.6 ಇಟ್ಟರೆ ಆ ಆಳ ಇಪ್ಪತ್ತು ಸೆಂಟಿಮೀಟರ್ ದಾಟುತ್ತದೆ. ಬಾಸಿಂಗವೂ ಕಣ್ಣೂ ಎರಡೂ ಉಳಿಯುತ್ತವೆ, ಪಕ್ಕದಲ್ಲಿ ಅರ್ಧ ಹೆಜ್ಜೆ ಹಿಂದೆ ನಿಂತ ವರನೂ ಹೆಚ್ಚು ಕೆಡುವುದಿಲ್ಲ. ದುಬಾರಿ ಲೆನ್ಸ್ ಕೊಂಡವರಿಗೆ ಎಫ್/2.8 ಬಿಟ್ಟು ಕೆಳಗಿಳಿಯಲು ಮನಸ್ಸು ಬಾರದು. ಆದರೆ ತಾಯಿ ಮಗಳ ಕಣ್ಣು ನೋಡಲು ಆಲ್ಬಂ ತೆರೆಯುತ್ತಾಳೆಯೇ ಹೊರತು ಹಿನ್ನೆಲೆ ಎಷ್ಟು ಮಸುಕಾಗಿದೆ ಎಂದು ನೋಡುವುದಕ್ಕಲ್ಲ.

ಅಕ್ಷತೆಯ ಹೊತ್ತಿಗೆ ಇಡೀ ಸಭಾಂಗಣ ಎದ್ದು ನಿಲ್ಲುತ್ತದೆ, ಕ್ಯಾಮೆರಾ ಮುಂದೆ ಕೈಗಳು, ತಲೆಗಳು, ಮೊಬೈಲ್‌ಗಳು. ಲೆನ್ಸಿನ ಬದಿಯಲ್ಲಿ ಫೋಕಸ್ ಮಿತಿಯ ಒಂದು ಸ್ವಿಚ್ಚಿದೆ. ಅದನ್ನು ಮೂರು ಮೀಟರಿನಿಂದ ಅನಂತಕ್ಕೆ ಇಟ್ಟರೆ ಹತ್ತಿರದ ತಲೆಗಳ ಕಡೆಗೆ ಫೋಕಸ್ ಓಡುವುದು ನಿಲ್ಲುತ್ತದೆ. ಶಾಸ್ತ್ರ ಮುಗಿದ ಮೇಲೆ ಮಿತಿ ತೆಗೆದು 70 ಮಿ.ಮೀ.ಗೆ ಬಂದರೆ ನಲವತ್ತು ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್ ಸಿಗುತ್ತದೆ. ತಾಳಿ, ಮೆಹಂದಿ, ಉಡುಗೊರೆ ಬಂದ ಬಿದರಿ ಡಬ್ಬಿಯ ಕಪ್ಪಿನ ಮೇಲಿನ ಬೆಳ್ಳಿಯ ಬಳ್ಳಿ – ಇವಕ್ಕೆಲ್ಲ ಲೆನ್ಸ್ ಬದಲಿಸಬೇಕಾಗಲಿಲ್ಲ.

ಕೈಯಲ್ಲಿ ಹಿಡಿದು ತೆಗೆಯುವಾಗ ನಡುಕ ತಡೆಯುವ ವ್ಯವಸ್ಥೆ ಎಷ್ಟು ನಂಬಿಕಸ್ಥ ಎಂದು ನೋಡಲು ಕೋಟೆಯೊಳಗಿನ ಜಾಮಿ ಮಸೀದಿಗೆ ಹೋದೆ. 1367ರ ಕಟ್ಟಡ, ತೆರೆದ ಅಂಗಳವಿಲ್ಲದೆ ಇಡಿಯಾಗಿ ಗುಮ್ಮಟಗಳಡಿ ಇರುವುದರಿಂದ ಒಳಗೆ ತಂಪು, ಮಂದ ಬೆಳಕು. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಅನುಮತಿ ಬೇಕು. ಬರಿಗೈಯಲ್ಲೇ 1/30ರಲ್ಲಿ ಕಮಾನುಗಳ ಸಾಲು ತೆಗೆದೆ, ಗಾರೆಯ ಬಿರುಕುಗಳೂ ಬಿಡಿಬಿಡಿಯಾಗಿ ಬಂದಿವೆ.

ಬಾಡಿಗೆ ಅವಧಿ ಮುಗಿದ ಮೇಲೆ ನಾನು ಆರಿಸಿ ಗಿರಾಕಿಗಳಿಗೆ ಕೊಟ್ಟ ಚಿತ್ರಗಳ ಮಾಹಿತಿ ತೆಗೆದು, ಯಾವ ಫೋಕಲ್ ಉದ್ದ ಎಷ್ಟು ಬಳಕೆಯಾಗಿದೆ ಎಂದು ನೋಡಿದೆ. ಹೆಚ್ಚಿನವು 200ರಲ್ಲಿ, ಉಳಿದವು 70ರಿಂದ 100ರ ನಡುವೆ. ಇದಕ್ಕಿಂತ ಉದ್ದದ ಲೆನ್ಸ್ ಬೇಕಿತ್ತು ಎನಿಸಿದ ಸಂದರ್ಭಗಳು ಬಹುಪಾಲು ಬಯಲಿನಲ್ಲಿ, ಬಿಸಿಲಿನಲ್ಲಿ ಬಂದಂಥವು. ಹೀಗಾಗಿ ಲೆನ್ಸನ್ನು ಕೊಂಡೆ, ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಸೇರಿಸುವ ಎರಡು ಪಟ್ಟಿನ ಟೆಲಿಕನ್ವರ್ಟರನ್ನು ಅಂಗಡಿಯಲ್ಲೇ ಬಿಟ್ಟೆ. ಅದು ಲೆನ್ಸನ್ನು 400 ಮಿ.ಮೀ. ಎಫ್/5.6 ಮಾಡುತ್ತದೆ. ನಮ್ಮ ಏಪ್ರಿಲ್‌ನಲ್ಲಿ ಅದರಿಂದ ದೊಡ್ಡದಾಗುವುದು ಗಾಳಿಯ ಕಂಪನ, ಮೇಲಾಗಿ ಸಂಜೆಗೆ ಬೇಕಾದ ಎರಡು ಸ್ಟಾಪ್ ಬೆಳಕೂ ಹೋಗುತ್ತದೆ, ಅಂದರೆ ಉಳಿಯುವುದು ಕಾಲು ಭಾಗ. ಡಿಸೆಂಬರ್‌ನಲ್ಲಿ ಸುರಪುರದ ಹತ್ತಿರದ ಬೋನಾಳ ಕೆರೆಗೆ ಹಕ್ಕಿಗಳು ಬಂದಾಗ, ಬೆಳಗಿನ ತಂಪಿಗೆಂದು ಅದನ್ನು ಬಾಡಿಗೆಗೆ ತರುವುದೆಂದು ಈಗಲೇ ಅಂಗಡಿಯವರಿಗೆ ಹೇಳಿಟ್ಟಿದ್ದೇನೆ.