ಮಿಠಾಯಿ ಅಂಗಡಿಯ ಪೆಟ್ಟಿಗೆಗಳು: ಅಚ್ಚು ಮುಗಿಯಿತು, ನೋಟ್‌ಬುಕ್ ಶುರು

ಚಾಕೊಲೇಟ್ ಅಚ್ಚುಗಳ ಕೆಲಸ ಅಂತೂ ಮುಗಿಯಿತು. ಹೊಸದಾಗಿ ಓದುವವರಿಗೆ ಒಂದು ಮಾತು: ಇವು ಶಿಕಾಗೋದಲ್ಲಿ ನಮ್ಮ ಪಕ್ಕದ ಮನೆಯ ಗ್ರೀಕ್ ಅಜ್ಜಿಯ ತಾತ ನಡೆಸುತ್ತಿದ್ದ ಅಂಗಡಿಯ ಸಾಮಾನು. ಅಂಗಡಿ ಮುಚ್ಚಿ ದಶಕಗಳಾಗಿವೆ, ಪೆಟ್ಟಿಗೆಗಳು ನೆಲಮಾಳಿಗೆಯಲ್ಲಿ ಉಳಿದಿದ್ದವು. ತೊಳೆದು, ಫೋಟೊ ತೆಗೆದು, ಪಟ್ಟಿ ಮಾಡಿಕೊಡುವುದು ನನ್ನ ಪಾಲಿನ ಕೆಲಸ.

ಮೊಲ, ಕುರಿಮರಿ, ಕೋಳಿ. ಹೆಚ್ಚಿನವು ಈಸ್ಟರ್ ಹಬ್ಬದವು. ಉಕ್ಕಿನ ತಗಡಿಗೆ ತವರದ ಲೇಪ, ಎರಡು ಹೋಳು, ಸೇರಿಸಿ ಹಿಡಿಯಲು ಕ್ಲಿಪ್ಪು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕಿದವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಇಲ್ಲಿ ಮರದ ಬದಲು ಲೋಹ ಬೇಕಾದದ್ದಕ್ಕೆ ಕಾರಣವಿದೆ. ಹದವಾಗಿ ಕರಗಿಸಿದ ಚಾಕೊಲೇಟ್ ಆರುವಾಗ ತುಸು ಕುಗ್ಗಿ, ನುಣುಪಾದ ಗೋಡೆಯಿಂದ ತಾನೇ ಬಿಟ್ಟುಕೊಳ್ಳುತ್ತದೆ. ಒಳಗೆ ಒಂದು ಗೀರು ಬಿದ್ದರೆ ಆಮೇಲೆ ಹುಟ್ಟುವ ಪ್ರತಿ ಮೊಲದ ಮೈಮೇಲೂ ಅದೇ ಗೀರು. ಹಾಗಾಗಿ ಉಕ್ಕಿನ ನಾರು ದೂರ. "ಹುಣಸೆಹಣ್ಣು ಹಾಕಿ ತಿಕ್ಕೋ" ಎಂದು ಅಮ್ಮ ಫೋನಿನಲ್ಲಿ ಹೇಳಿದರು. ತಾಮ್ರದ ಕೊಪ್ಪರಿಗೆಗೆ ಅದೇ ಮಾಡಿದೆ, ಫಳಫಳ ಎನ್ನುತ್ತಿದೆ. ತವರದ ಲೇಪಕ್ಕೆ ಹುಳಿ ಬೇಡ. ಬೆಚ್ಚನೆ ನೀರು, ಹಳೇ ಪಂಚೆಯ ತುಂಡು, ಕೂಡಲೇ ಒಣಗಿಸುವುದು, ಇಷ್ಟೇ. ಹೊರಮೈಯ ತುಕ್ಕನ್ನು ಹಾಗೇ ಬಿಟ್ಟಿದ್ದೇನೆ. ಕೆಲವದರ ಮೇಲೆ ಡ್ರೆಸ್ಡನ್ನಿನ ಆಂಟನ್ ರೈಖೆ ಕಂಪನಿಯ ಮುದ್ರೆ, ಪಕ್ಕದಲ್ಲಿ ಅಚ್ಚಿನ ನಂಬರು. 1870ರಲ್ಲಿ ಶುರುವಾದ ಆ ಕಾರ್ಖಾನೆಯ ಅಚ್ಚುಗಳು ಅಮೆರಿಕದ ಅಂಗಡಿಗಳಿಗೂ ಬರುತ್ತಿದ್ದವು. ಹಳೆಯ ಬೆಸುಗೆಯಲ್ಲಿ ಸೀಸ ಇರಬಹುದಾದ್ದರಿಂದ ತಿನ್ನುವುದನ್ನು ಇದರಲ್ಲಿ ಹಾಕುವುದಿಲ್ಲ. ಮೊಮ್ಮಕ್ಕಳಿಗೆ ಪ್ಲಾಸ್ಟರ್ ಮೊಲಗಳೇ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ರಟ್ಟಿನ ಡಬ್ಬಿಗಳು. ಮುಚ್ಚಳದ ಮೇಲೆ ಗುಲಾಬಿ, ರಿಬ್ಬನ್, ಇಂಗ್ಲಿಷ್ ಹೆಸರು. ಗ್ರೀಸ್ ದೇಶದ ಸುಳಿವೇ ಇಲ್ಲ. ಇದು ಈ ಒಂದು ಅಂಗಡಿಯ ಸಂಗತಿಯಲ್ಲ. ಇದೇ ಶಿಕಾಗೋದಲ್ಲಿ 1921ರಲ್ಲಿ ಆಂಡ್ರೂ ಕನೇಲೋಸ್ ತೆರೆದದ್ದು 'ಆಂಡೀಸ್'. 1939ರಲ್ಲಿ ಲಿಯೋ ಸ್ಟೆಫಾನೋಸ್ ತೆರೆದದ್ದು 'ಡವ್'. ಅವರು 1956ರಲ್ಲಿ ಮಾಡಿದ ಐಸ್‌ಕ್ರೀಮ್ ಬಾರ್ ಇಂದು ಊರೂರಿನ ಫ್ರೀಜರಿನಲ್ಲಿದೆ. ಗ್ರೀಕರು ಹೀಗೆ ಇಂಗ್ಲಿಷ್ ಹೆಸರಿಡಲು ಗಿರಾಕಿಯ ನಾಲಿಗೆಗೆ ಸುಲಭವಾಗಲಿ ಎಂಬುದು ಒಂದು ಕಾರಣ. ಭಯವೂ ಇತ್ತು. 1909ರಲ್ಲಿ ನೆಬ್ರಾಸ್ಕದ ಸೌತ್ ಒಮಾಹಾದಲ್ಲಿ ಗುಂಪೊಂದು ಗ್ರೀಕರ ಕೇರಿಗೆ ನುಗ್ಗಿ ಮನೆ, ಅಂಗಡಿಗಳನ್ನು ಧ್ವಂಸ ಮಾಡಿ ಅವರನ್ನು ಊರು ಬಿಡಿಸಿತ್ತು. 1922ರಲ್ಲಿ ಅಟ್ಲಾಂಟಾದಲ್ಲಿ ಗ್ರೀಕರು 'ಅಹೆಪಾ' ಸಂಘ ಕಟ್ಟಿಕೊಂಡದ್ದು ಬಿಳಿಯರೇ ಮೇಲು ಎನ್ನುವ ಕು ಕ್ಲಕ್ಸ್ ಕ್ಲಾನ್ ಗುಂಪಿನ ಹಾವಳಿಯ ಎದುರು. ಅಂಥ ಕಾಲದಲ್ಲಿ ಗುಲಾಬಿ ಚಿತ್ರದ ಡಬ್ಬಿ ಅಂದಕ್ಕಷ್ಟೇ ಇದ್ದದ್ದು ಎಂದು ನನಗನ್ನಿಸುವುದಿಲ್ಲ.

ಗ್ರೀಕ್ ಸಿಕ್ಕಿದ್ದು ನೋಟ್‌ಬುಕ್ಕಿನಲ್ಲಿ, ಗಿರಾಕಿಯ ಕಣ್ಣಿಗೆ ಬೀಳದ ಕಡೆ. ಪಾಕದ ಲೆಕ್ಕವೆಲ್ಲ ಗ್ರೀಕ್ ಲಿಪಿಯಲ್ಲಿ, ತೂಕ ಮಾತ್ರ ಅಮೆರಿಕದ ಪೌಂಡಿನಲ್ಲಿ. ಅಜ್ಜಿ ಓದಿ ಹೇಳುತ್ತಾರೆ, ನಾನು ಬರೆದುಕೊಳ್ಳುತ್ತೇನೆ. ನಡುನಡುವೆ "ಇದು ಪಪೂ ಕೈಬರಹ ಅಲ್ಲ, ಯಯ್ಯಾದು" ಎಂದು ತಿದ್ದುತ್ತಾರೆ. ತಾತನಿಗೆ ಪಪೂ, ಅಜ್ಜಿಗೆ ಯಯ್ಯಾ. ಅಂದರೆ ಅಂಗಡಿಯ ಹೆಸರಿನಲ್ಲಿ ಎಲ್ಲೂ ಇಲ್ಲದ ಹೆಂಗಸು ಅರ್ಧ ಪಾಕಗಳ ಲೆಕ್ಕ ಇಟ್ಟಿದ್ದರು.

ಒಂದು ಪುಟದಲ್ಲಿ ಸಕ್ಕರೆಯ ಅಂಕಿಗಳನ್ನು ಹೊಡೆದುಹಾಕಿ ಕಡಿಮೆ ಮಾಡಿದೆ, ಕಾರ್ನ್ ಸಿರಪ್ (ಮೆಕ್ಕೆಜೋಳದಿಂದ ಮಾಡಿದ ಸಿಹಿ ದ್ರವ) ಏರಿಸಿದೆ. ತಾರೀಕು ಇಲ್ಲ. ಅಮೆರಿಕದಲ್ಲಿ ಸಕ್ಕರೆಗೆ ರೇಷನ್ ಬಂದದ್ದು 1942ರಲ್ಲಿ, ಹೋದದ್ದು 1947ರಲ್ಲಿ. ಆ ವರ್ಷಗಳ ಪುಟವೇ ಇರಬೇಕೆಂದು ನನ್ನ ಊಹೆ. ಪಾಕ ಹರಳುಗಟ್ಟದಿರಲು ಸ್ವಲ್ಪ ಸಿರಪ್ ಯಾವಾಗಲೂ ಬೇಕು, ಆದರೆ ಹೆಚ್ಚಾದರೆ ಮಿಠಾಯಿ ಮಳೆಗಾಲದಲ್ಲಿ ಅಂಟುತ್ತದೆ. ಇಷ್ಟೊಂದನ್ನು ಯಾರೂ ಖುಷಿಯಿಂದ ಹಾಕುವುದಿಲ್ಲ.

ಸ್ಕ್ಯಾನ್ ಮುಂದುವರಿದಿದೆ. ಪೆನ್ಸಿಲ್ ಅಕ್ಷರ ಮಾಸಿದ ಪುಟಗಳಿಗೆ ದೀಪವನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆದರೆ ಒತ್ತಿನ ಗುರುತು ಎದ್ದು ಕಾಣುತ್ತದೆ. ಮುಂದಿನ ಸರದಿ ಪೆಪ್ಪರ್‌ಮಿಂಟ್ ಕತ್ತರಿಸುವ ಹಿತ್ತಾಳೆ ರೋಲರ್. ಹಲ್ಲುಚಕ್ರ ಅಲ್ಲಾಡುತ್ತಿಲ್ಲ. ಬಿಗಿದಿರುವುದು ತುಕ್ಕೋ, ಹಳೇ ಸಕ್ಕರೆಯೋ ನೋಡಬೇಕು. ಸಕ್ಕರೆಯಾದರೆ ಬಿಸಿನೀರಿಗೇ ಬಿಟ್ಟುಕೊಳ್ಳುತ್ತದೆ, ಎಣ್ಣೆಯ ಮಾತು ಆಮೇಲೆ.