ಕಪ್ಪು ಪರದೆಯ ಮೇಲೆ ಓಡಿದ ಅಕ್ಷರಗಳು

ಲ್ಯಾಪ್‌ಟಾಪನ್ನು ಟಿವಿಗೆ ಜೋಡಿಸಿದ ಮೇಲೆ ಅಪ್ಪ ಕೇಳಿದ ಒಂದು ಮಾತು ಈ ವಾರವಿಡೀ ಕಿವಿಯಲ್ಲೇ ಉಳಿದಿದೆ. "ದುಡ್ಡು ಕಟ್ಟಿದ್ದೀವಲ್ಲ, ಮತ್ತೆ ಯಾಕೆ ತೋರಿಸಲ್ಲ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿದುಕೊಳ್ಳಬೇಕೆಂದೇ ಕೇಳಿದ್ದರು.

ಅಪ್ಪನಿಗೆ ಕಿವಿ ಮಂದವಾಗಿದೆ. ಲ್ಯಾಪ್‌ಟಾಪಿನ ಸಣ್ಣ ಪರದೆಯ ಸಬ್‌ಟೈಟಲ್ ಓದಲು ಕಣ್ಣು ಸಾಲದು. ತನಗಾಗಿ ಏನನ್ನೂ ಕೇಳದ ಆ ಮನುಷ್ಯ, ಒಂದು ಸಿನಿಮಾವನ್ನು ದೊಡ್ಡದಾಗಿ ನೋಡಬೇಕು ಎಂದು ತಾವಾಗಿಯೇ ಹೇಳಿದ್ದರು. ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಪೋರ್ಟ್ ಮಾತ್ರ ಇದ್ದುದರಿಂದ ನಡುವೆ ಒಂದು ಅಡಾಪ್ಟರ್ ಹಾಕಿ, ಅಲ್ಲಿಂದ ಎಚ್‌ಡಿಎಂಐ ಕೇಬಲನ್ನು ಟಿವಿಗೆ ಎಳೆದೆ. ಡೆಸ್ಕ್‌ಟಾಪ್ ಕಾಣಿಸಿತು, ಮನೆಯ ಮದುವೆಯ ವಿಡಿಯೊ ಓಡಿತು, ಸೌಂಡ್ ಸೆಟ್ಟಿಂಗ್‌ನಲ್ಲಿ ಔಟ್‌ಪುಟ್ ಬದಲಿಸಿದೊಡನೆ ದನಿಯೂ ಟಿವಿಯಿಂದಲೇ ಬಂತು. ಬ್ರೌಸರ್‌ನಲ್ಲಿ, ಚಂದಾ ಕಟ್ಟಿ ನೋಡುವ ತಾಣದ ಸಿನಿಮಾ ಒತ್ತಿದಾಗ ಮಾತ್ರ ಚಿತ್ರವೇ ಬರಲಿಲ್ಲ. ಸಂಗೀತ ಕೇಳುತ್ತಿತ್ತು, ಪಾತ್ರಗಳು ಮಾತನಾಡುತ್ತಿದ್ದವು, ಆ ಮಾತುಗಳ ಸಬ್‌ಟೈಟಲ್ ಕೂಡ ಕಪ್ಪಿನ ಮೇಲೆ ಬೆಳ್ಳಗೆ ಬಂದು ಹೋಗುತ್ತಿತ್ತು. ಮುಖಗಳು ಮಾತ್ರ ಇರಲಿಲ್ಲ. ಅಪ್ಪ ಕುರ್ಚಿಯ ಅಂಚಿಗೆ ಸರಿದು ಆ ಸಾಲುಗಳನ್ನೇ ಓದುತ್ತಾ ಕುಳಿತಿದ್ದರು. ಸ್ವಲ್ಪ ಹೊತ್ತಾದ ಮೇಲೆ ನನ್ನತ್ತ ತಿರುಗಿ ಆ ಪ್ರಶ್ನೆ ಕೇಳಿದರು.

"ಟಿವಿ ಹಳೇದಾಯ್ತು ತಾತ, ಹೊಸದು ತಗೊಳ್ಳೋಣ" ಎಂದ ಅಕ್ಕನ ಮಗ. ಅವನು ಒಳ್ಳೆಯ ಹುಡುಗ, ಕರೆದಾಗಲೆಲ್ಲ ಬರುತ್ತಾನೆ. ಆದರೆ ಎಲ್ಲಿ ತಡೆಯಾಗಿದೆ ಎಂದು ಹುಡುಕುವ ಮೊದಲೇ ಇಡೀ ವಸ್ತುವನ್ನು ಬದಲಿಸಿಬಿಡುವ ಅವನ ಅಭ್ಯಾಸ ನನಗೆ ಸರಿ ಕಾಣುವುದಿಲ್ಲ. ಮದುವೆಯ ವಿಡಿಯೊವನ್ನು ಅಷ್ಟು ಚೆನ್ನಾಗಿ ತೋರಿಸಿದ ಟಿವಿ ಕೆಟ್ಟಿರುವುದು ಹೇಗೆ?

ತಡೆ ಇದ್ದದ್ದು ಎಚ್‌ಡಿಸಿಪಿ ಎಂಬ ನಕಲು-ತಡೆ ವ್ಯವಸ್ಥೆಯಲ್ಲಿ. ಸಂರಕ್ಷಿತ ವಿಡಿಯೊ ಕಳಿಸುವ ಮೊದಲು ಲ್ಯಾಪ್‌ಟಾಪು ಎದುರಿನ ಸಾಧನದೊಂದಿಗೆ ಗುಪ್ತಕೀಲಿಗಳ ಮೂಲಕ ಪರಿಚಯ ಕೇಳುತ್ತದೆ. ನಡುವಿನ ಅಡಾಪ್ಟರ್ ಅದಕ್ಕೆ ಸರಿಯಾಗಿ ಉತ್ತರಿಸದಿದ್ದರೆ ಚಿತ್ರ ಹೊರಡುವುದೇ ಇಲ್ಲ. ಮನೆಯ ವಿಡಿಯೊಗೆ ಈ ಪರೀಕ್ಷೆಯಿಲ್ಲ. ಸಬ್‌ಟೈಟಲನ್ನು ಬ್ರೌಸರ್ ಚಿತ್ರದ ಮೇಲೆ ಬೇರೆಯಾಗಿ ಬರೆಯುವುದರಿಂದ ಅದಕ್ಕೂ ತಡೆಯಿರಲಿಲ್ಲ. ಕೇಬಲ್ ಕಿತ್ತಾಗ ಲ್ಯಾಪ್‌ಟಾಪಿನಲ್ಲಿ ಚಿತ್ರ ಮರಳಿತು, ಚುಚ್ಚಿದೊಡನೆ ಮತ್ತೆ ಮಾಯವಾಯಿತು. ಎಚ್‌ಡಿಸಿಪಿಗೆ ಹೊಂದುವ ಬೇರೊಂದು ಅಡಾಪ್ಟರನ್ನು ಸ್ನೇಹಿತರಿಂದ ತಂದು ಹಾಕಿದ ಮೇಲೆ ಅದೇ ಟಿವಿ, ಅದೇ ಕೇಬಲ್, ಅದೇ ಸಿನಿಮಾ ತಕರಾರಿಲ್ಲದೆ ನಡೆದವು. ಸಬ್‌ಟೈಟಲಿನ ಕೆಳಸಾಲು ಮಾತ್ರ ಅಂಚಿನಲ್ಲಿ ಕತ್ತರಿಸಿಹೋಗುತ್ತಿತ್ತು. ಚಿತ್ರದ ಅಂಚನ್ನು ಪರದೆಯಾಚೆಗೆ ಹಿಗ್ಗಿಸುವ ಓವರ್‌ಸ್ಕ್ಯಾನ್ ಎಂಬ ಈ ಪದ್ಧತಿ ದಪ್ಪ ಗಾಜಿನ ಟಿವಿಗಳ ಕಾಲದ್ದು. ಟಿವಿಯ ಪಿಕ್ಚರ್ ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದಾಗ ಆ ಸಾಲೂ ಕಂಡಿತು.

ಇಷ್ಟಾದರೂ ಅಪ್ಪನ ಪ್ರಶ್ನೆಗೆ ನಾನು ಕೊಟ್ಟದ್ದು ಯಂತ್ರದ ಉತ್ತರ ಮಾತ್ರ. ಕಳ್ಳನಕಲು ತಡೆಯಲು ಈ ಬಿಗಿ ಬೇಕು ಎನ್ನುತ್ತಾರೆ. ಸಿನಿಮಾ ಮಾಡಿದವರಿಗೆ ಅವರ ದುಡಿಮೆಯ ಫಲ ಸಿಗಲೇಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ, ಚಂದಾ ಕಟ್ಟುವುದೂ ಅದಕ್ಕಾಗಿಯೇ. ಆದರೆ ಎಚ್‌ಡಿಸಿಪಿಯ ಮೂಲಕೀಲಿ 2010ರಲ್ಲೇ ಸೋರಿಹೋಗಿ, ಅದು ಅಸಲಿಯೆಂದು ಆ ವ್ಯವಸ್ಥೆಯನ್ನು ರೂಪಿಸಿದ ಕಂಪನಿಯೇ ಒಪ್ಪಿಕೊಂಡಿತ್ತು. ನಕಲು ಮಾಡುವವನು ಬೇರೆ ದಾರಿ ಹುಡುಕಿಕೊಳ್ಳುತ್ತಾನೆ, ಅವನ ಪ್ರತಿಯನ್ನು ನೋಡುವವನಿಗೆ ಪರದೆ ಕಪ್ಪಾಗುವುದೇ ಇಲ್ಲ. ಕಪ್ಪಾಗುವುದು ನಿಯಮದಂತೆ ಹಣ ಕೊಟ್ಟು, ಅಂಗಡಿಯಲ್ಲಿ ಸಿಕ್ಕ ಅಡಾಪ್ಟರನ್ನು ನಂಬಿಕೊಂಡವರ ಮನೆಯಲ್ಲಿ. ಹಾಗೆ ಕಪ್ಪಾದಾಗಲೂ ಕಾರಣವನ್ನು ಹೇಳುವ ಒಂದು ವಾಕ್ಯ ಬರಲಿಲ್ಲವಲ್ಲ, ಅದು ನನಗೆ ಎಲ್ಲಕ್ಕಿಂತ ಹೆಚ್ಚು ನೋವು ತಂದಿತು. ಯಾವ ಸಾಧನ ತಡೆದಿದೆ ಎಂದು ತಿಳಿಯದೆ ಎಷ್ಟು ಮನೆಗಳಲ್ಲಿ ಒಳ್ಳೆಯ ಟಿವಿಗಳು ಹಳೆಯವು ಎನ್ನಿಸಿಕೊಂಡು ಮೂಲೆ ಸೇರಿರಬಹುದು!

ಚಂದಾ ಪಡೆದ ಸಂಸ್ಥೆಗೆ ಪತ್ರ ಬರೆದಿದ್ದೇನೆ. ತಡೆಯನ್ನು ತೆಗೆಯಿರಿ ಎಂದು ಕೇಳಿಲ್ಲ. ಚಿತ್ರವನ್ನು ತಡೆಹಿಡಿದಾಗ, ನಡುವಿನ ಅಡಾಪ್ಟರನ್ನು ಒಮ್ಮೆ ಬದಲಿಸಿ ನೋಡಿ ಎಂಬ ಸೂಚನೆಯನ್ನು ಸಬ್‌ಟೈಟಲಿನ ಜಾಗದಲ್ಲಿ ತೋರಿಸಿ ಎಂದಷ್ಟೇ ಕೇಳಿದ್ದೇನೆ.