ಎಳ್ಳಮಾವಾಸ್ಯೆಗೆ ಡೋಣಿ ಸಾಲಿಗೆ ಹೋಗುವವರಿಗೆ

ಎಳ್ಳಮಾವಾಸ್ಯೆ ಅಂದರೆ ಊರವರೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಅಲ್ಲೇ ಊಟ ಮಾಡುವ ಹಬ್ಬ. ಡೋಣಿ ಸಾಲು ಅಂದರೆ ವಿಜಯಪುರ ಕಡೆಯ ಡೋಣಿ ಹೊಳೆಯ ದಂಡೆಯ ಊರುಗಳು. ಅಲ್ಲಿಗೆ ಹೋಗುವವರಿಗೆ ಮೊದಲು ಬಸ್ಸಿನ ವಿಷಯ ಹೇಳಿಬಿಡುತ್ತೇನೆ. ನನಗಾದದ್ದು ಇನ್ನೊಬ್ಬರಿಗೆ ಆಗಬಾರದು.

2024ರ ಎಳ್ಳಮಾವಾಸ್ಯೆ ಡಿಸೆಂಬರ್ 30, ಸೋಮವಾರ ಬಂದಿತ್ತು. ನಾನು ಮತ್ತು ನನ್ನ ಹನ್ನೊಂದು ವರ್ಷದ ಮಗ ಶುಕ್ರವಾರ ಸಂಜೆ ಬೆಂಗಳೂರಿನಲ್ಲಿ ಖಾಸಗಿ ಎ.ಸಿ. ಸ್ಲೀಪರ್ ಬಸ್ ಹತ್ತಿದೆವು. ಹಬ್ಬದ ವಾರ ಅಂತ ಒಂದು ಬರ್ತಿಗೆ 2,100 ರೂಪಾಯಿ ಕಿತ್ತುಕೊಂಡರು. ಚಿತ್ರದುರ್ಗ ದಾಟುವಷ್ಟರಲ್ಲಿ ಹೊರಗಿನ ಚಳಿಗಿಂತ ಒಳಗಿನ ಚಳಿಯೇ ಜಾಸ್ತಿಯಾಯಿತು. ತಲೆಯ ಮೇಲಿನ ಗಾಳಿ ಕಿಂಡಿಗೆ ಮುಚ್ಚಳವೇ ಇಲ್ಲ. ಇಬ್ಬರಿಗೆ ಸೇರಿಸಿ ಒಂದೇ ತೆಳ್ಳನೆ ಹೊದಿಕೆ. ಎರಡು ಸಲ ಹೋಗಿ ಕೇಳಿದರೂ ಕಂಡಕ್ಟರ್ ಕಿವಿಗೆ ಹಾಕಿಕೊಳ್ಳಲಿಲ್ಲ. ಮಗನ ತಲೆಗೆ ನನ್ನ ದುಪಟ್ಟಾ ಸುತ್ತಿ, ಕಿಂಡಿಗೆ ಟವೆಲ್ ತುರುಕಿ, ಕೂತೇ ರಾತ್ರಿ ಕಳೆದೆ.

ಬೆಳಗ್ಗೆ ಐದೂವರೆಗೆ ವಿಜಯಪುರ ಬಸ್ ಸ್ಟ್ಯಾಂಡ್ ಅಂತ ಟಿಕೆಟ್‌ನಲ್ಲಿತ್ತು. ಇಳಿಸಿದ್ದು 3:40ಕ್ಕೆ, ಅದೂ ಬೈಪಾಸಿನಲ್ಲಿ. ‘ಒಳಗೆ ಹೋಗಲ್ಲ ಮೇಡಂ, ಸೊಲ್ಲಾಪುರಕ್ಕೆ ಲೇಟಾಗುತ್ತೆ’ ಅಂದವರು ನಮ್ಮ ಬ್ಯಾಗುಗಳನ್ನು ಕೆಳಗಿಟ್ಟು ಹೊರಟೇಬಿಟ್ಟರು. ಕತ್ತಲು, ಮಂಜು, ಜೊತೆಗೆ ಮಗು. ನಾಲ್ಕು ಕಿಲೋಮೀಟರಿಗೆ ಆಟೋ 300 ರೂಪಾಯಿ. ಬೆಳಗಾಗುವವರೆಗೆ ಇರಲು ತಗೊಂಡ ಲಾಡ್ಜ್ ರೂಮಿಗೆ 1,600. ಬಿಸಿನೀರು ಬರುವ ಮೊದಲೇ ನಾವು ರೂಮು ಬಿಟ್ಟಾಗಿತ್ತು.

ಆದ್ದರಿಂದ ರೈಲಿನಲ್ಲಿ ಹೋಗಿ. ಗೋಳಗುಮ್ಮಟ ಎಕ್ಸ್‌ಪ್ರೆಸ್ ಸಂಜೆ ಬೆಂಗಳೂರು ಬಿಟ್ಟು ಹುಬ್ಬಳ್ಳಿ, ಗದಗ, ಬಾಗಲಕೋಟೆ ಮೇಲೆ ಬರುತ್ತದೆ. ಬಸ್ಸಿಗಿಂತ ನಿಧಾನ, ನಿಜ. ಆದರೆ ಬೆಳಕಾದ ಮೇಲೆ ಊರೊಳಗೇ ಇಳಿಸುತ್ತದೆ. ನಾವು ವಾಪಸ್ ಬಂದದ್ದು ಅದರಲ್ಲೇ.

ಇನ್ನು ಒಳ್ಳೆಯ ಮಾತು. ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಬೋರ್ಡೇ ಇಲ್ಲದ ಒಂದು ಖಾನಾವಳಿ ಇದೆ. ರೊಟ್ಟಿ ಬಡಿಯುವ ಸದ್ದು ಹಿಡಿದುಕೊಂಡು ಹೋದರೆ ಸಿಗುತ್ತದೆ. ನಾವು ಹೋದಾಗ ಊಟಕ್ಕೆ 80 ರೂಪಾಯಿ ಇತ್ತು. ಎರಡು ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ ಬದನೆ, ಮಡಿಕೆ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು. ಬದಿಗೆ ಹಸಿ ಮೆಂತ್ಯಸೊಪ್ಪು, ಹಕ್ಕರಿಕಿ, ಉಳ್ಳಾಗಡ್ಡಿ. ಇದಿಷ್ಟು ವರ್ಷವಿಡೀ ಸಿಗುತ್ತದೆ ಅನ್ನಿ. ಆದರೆ ತಟ್ಟೆಯ ಅಂಚಿನಲ್ಲಿ ಒಂದು ಚಮಚ ಹಸಿರು ಬಣ್ಣದ ಕರಿಂಡಿ ಬಿತ್ತಲ್ಲ, ಅಲ್ಲಿಗೆ ನನ್ನ ರಾತ್ರಿಯ ಸಿಟ್ಟೆಲ್ಲ ಇಳಿದುಹೋಯಿತು. ಇದು ಚಳಿಗಾಲದ ಪದಾರ್ಥ. ಅಗಸಿ, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ರುಬ್ಬಿ, ಅದರಲ್ಲಿ ಸೌತೆಕಾಯಿ, ಗಜ್ಜರಿ, ಎಳೆ ಬದನೆಯ ಹೋಳು ಹಾಕಿ ನಾಲ್ಕು ದಿನ ಹುಳಿ ಬರಲು ಇಡುತ್ತಾರೆ. ಮೊದಲು ಮೂಗಿಗೆ ಏರುತ್ತದೆ, ಆಮೇಲೆ ಬಿಡಲಾಗುವುದಿಲ್ಲ. ಬಡಿಸುವ ಅಕ್ಕ ನನ್ನ ಮುಖ ನೋಡಿ, ‘ಯಾವೂರ ಮಗಳs ಯವ್ವಾ ನೀ?’ ಅಂದರು. ತಾಳಿಕೋಟೆ ಕಡೆ ನಮ್ಮ ತಾಯಿಯ ತವರು ಅಂದೆ. ಕೇಳದೇ ಮೂರನೇ ರೊಟ್ಟಿ ಬಂತು. ಮೇಲೆ ಬೆಣ್ಣೆ. ಅದಕ್ಕೆ ಎಷ್ಟು ಹೇಳಿದರೂ ದುಡ್ಡು ತಗೊಳ್ಳಲಿಲ್ಲ. ಮಧ್ಯಾಹ್ನ ಒಂದರೊಳಗೆ ಹೋಗಿ, ಆಮೇಲೆ ಬಿಸಿ ರೊಟ್ಟಿ ಇರುವುದಿಲ್ಲ.

ಅಲ್ಲಿಂದ ತಾಳಿಕೋಟೆಗೆ ಸಾರಿಗೆ ಬಸ್ಸು. ಹಬ್ಬದ ಹಿಂದಿನ ದಿನ ಕಾಲಿಡಲು ಜಾಗವಿರುವುದಿಲ್ಲ ಅಂತ ಗೊತ್ತಿದ್ದೇ ಶನಿವಾರ ಹೋದೆವು. ನನಗೆ ಚಳಿ ಎಷ್ಟಿದ್ದರೂ ನಡೆಯುತ್ತದೆ, ನೂಕುನುಗ್ಗಲು ಆಗುವುದಿಲ್ಲ. ನೀವೂ ಹಾಗೇ ಇದ್ದರೆ ಎರಡು ದಿನ ಮುಂಚೆ ಹೋಗಿ.

‘ಡೋಣಿ ಬೆಳೆದರೆ ಓಣಿಯೆಲ್ಲ ಜೋಳ’ ಅನ್ನುವುದು ಆ ಕಡೆಯ ಮಾತು. ಡೋಣಿ ಕೃಷ್ಣೆಗೆ ಸೇರುವ ಹೊಳೆ. ನೀರು ಉಪ್ಪು, ಆದರೆ ದಂಡೆಯ ಎರೆ ಭೂಮಿ ಬಂಗಾರ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿತ್ತಿದ ಹಿಂಗಾರಿ ಜೋಳಕ್ಕೆ ಆಮೇಲೆ ಮಳೆ ಬೇಕೆಂದೇನಿಲ್ಲ. ಮಣ್ಣು ಹಿಡಿದಿಟ್ಟ ತೇವ, ಚಳಿ, ಇಬ್ಬನಿ, ಇಷ್ಟರಲ್ಲೇ ಆಳೆತ್ತರ ಬೆಳೆಯುತ್ತದೆ. ಎಳ್ಳಮಾವಾಸ್ಯೆ ಹೊತ್ತಿಗೆ ತೆನೆ ತುಂಬ ಹಾಲುಗಾಳು. ನಾನು ಹತ್ತೊಂಬತ್ತು ವರ್ಷದ ಮೇಲೆ ಹೋಗಿದ್ದೆ. ಆಯಿ, ಅಂದರೆ ನಮ್ಮ ಅಜ್ಜಿ, ಈಗಿಲ್ಲ. ಮಾಮಾ, ಅತ್ತಿ ಅದೇ ಮನೆಯಲ್ಲಿದ್ದಾರೆ. ರಾತ್ರಿ ಹೊದೆಯಲು ಕೊಟ್ಟ ಕೌದಿಯಲ್ಲಿ ಆಯಿಯ ಹಸಿರು ಇಳಕಲ್ ಸೀರೆಯ ಒಂದು ತುಂಡು ಇತ್ತು. ಅದರ ಮೇಲೆ ಕೈಯಿಟ್ಟುಕೊಂಡೇ ಮಲಗಿದೆ.

ಭಾನುವಾರ ಐದೂವರೆಗೆ ಮಾಮಾ ಎಬ್ಬಿಸಿದರು. ‘ಬರಿಗಾಲಾಗ ಬರಬ್ಯಾಡ, ಕಡ್ಲಿ ಹುಳಿ ಕಾಲು ಉರಸ್ತದ.’ ಕಡಲೆ ಗಿಡದ ಎಲೆ ತಾನೇ ಹುಳಿ ಬಿಡುತ್ತದೆ. ಅದು ರಾತ್ರಿಯ ಇಬ್ಬನಿಯಲ್ಲಿ ಕಲೆಯುತ್ತದೆ. ಹಿಂದಿನ ಸಂಜೆ ಮಾಮಾ ಒಂದು ಬಿಳಿ ಪಂಚೆಯನ್ನು ಕಡಲೆ ಸಾಲಿನ ಮೇಲೆ ಹಾಸಿ ಬಂದಿದ್ದರು. ಆಯಿ ಇದ್ದಾಗ ಇದು ಅವಳ ಕೆಲಸ. ಈಗ ನಾವು ಬರುತ್ತೇವೆ ಅಂತ ಮಾಡಿದ್ದರು. ಪಂಚೆ ತೊಯ್ದು ಭಾರವಾಗಿತ್ತು. ಆ ತುದಿ ಮಾಮಾ, ಈ ತುದಿ ಮಗ ಹಿಡಿದು ತಿರುವಿದರೆ ಸ್ಟೀಲ್ ತಂಬಿಗೆಗೆ ಬಿಟ್ಟುಬಿಟ್ಟು ಹನಿ ಬಿತ್ತು. ಕಾಲು ತಂಬಿಗೆಯಷ್ಟು, ಸ್ವಲ್ಪ ಮಬ್ಬು ಬಣ್ಣ. ಮಗ ಬೆರಳದ್ದಿ ನೆಕ್ಕಿದ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡ, ಮತ್ತೆ ಬೆರಳದ್ದಿದ. ಹೊಟ್ಟೆನೋವು ಅಂದರೆ ಆಯಿ ಇದನ್ನೇ ಒಂದು ಚಮಚ ನೀರಿಗೆ ಹಾಕಿ ಕುಡಿಸುತ್ತಿದ್ದಳು. ಸುತ್ತ ಮಂಜು. ಜೋಳದ ಎಲೆಗಳು ಒಂದಕ್ಕೊಂದು ತಾಗುವ ಸದ್ದು ಬಿಟ್ಟರೆ ಏನೂ ಇಲ್ಲ. ದೂರದಲ್ಲಿ ಯಾರದೋ ಹೊಲದ ಬೆಂಕಿಯ ಹೊಗೆ ಮೇಲೆ ಏರದೆ ನೆಲಕ್ಕೆ ಸಮನಾಗಿ ನಿಂತಿತ್ತು. ಇದನ್ನು ನೋಡಲೇ ಅಷ್ಟು ದೂರ ಹೋಗಬೇಕು. ಏಳೂವರೆ ಆಯಿತೋ, ಬಿಸಿಲು ಬಂದು ಎಲ್ಲ ಮುಗಿಯುತ್ತದೆ. ಹಾಗಾಗಿ ಊರಲ್ಲೇ ರಾತ್ರಿ ಉಳಿಯಿರಿ. ವಿಜಯಪುರದ ರೂಮಿನಿಂದ ಹೊರಟರೆ ಇದು ನಿಮಗೆ ಸಿಗುವುದಿಲ್ಲ. ರಬ್ಬರ್ ಚಪ್ಪಲಿ, ಹಳೆ ಪ್ಯಾಂಟು, ಕಿವಿ ಮುಚ್ಚುವ ಟೋಪಿ ಇರಲಿ.

ಅಮಾವಾಸ್ಯೆ ದಿನ ಊರಿಗೆ ಊರೇ ಹೊಲದಲ್ಲಿ. ನನ್ನ ನೆನಪಿನಲ್ಲಿ ಸಾಲುಸಾಲು ಎತ್ತಿನ ಬಂಡಿ, ಕೊರಳ ಗೆಜ್ಜೆ. ಈಗ ಹೆಚ್ಚಾಗಿ ಟ್ರ್ಯಾಕ್ಟರ್. ನಾನು ಎಣಿಸಿದ್ದು ನಾಲ್ಕೇ ಬಂಡಿ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಗೆ ಸುಣ್ಣ ಹಚ್ಚಿ ಪಾಂಡವರು ಅಂತ ಪೂಜೆ ಮಾಡುತ್ತಾರೆ. ಆಮೇಲೆ ಎಡೆಯ ಅಡುಗೆಯನ್ನು ಹೊಲದ ನಾಲ್ಕೂ ಕಡೆ ಚೆಲ್ಲುತ್ತಾ ಹೋಗುವುದು. ಇದೇ ಚರಗ. ಒಬ್ಬರು ‘ಹುಲ್ಲುಲ್ಲಿಗೋ’ ಅಂದರೆ ಹಿಂದಿನವರು ‘ಸಲಾಂಬ್ರಿಗೋ’ ಅನ್ನುತ್ತಾರೆ. ಊರಿಗೊಂದು ಥರ ಕೂಗುತ್ತಾರೆ. ಮಗನ ದನಿ ಎಲ್ಲರಿಗಿಂತ ಜೋರಾಗಿತ್ತು. ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಪುಂಡಿ ಪಲ್ಯ, ಎಲ್ಲ ಹೊಲದಲ್ಲೇ ಕೂತು ಊಟ. ದಾರಿಯಲ್ಲಿ ಹೋಗುವ ಗುರುತಿಲ್ಲದವರನ್ನೂ ‘ಬರ್ರಿ, ಊಟಾ ಮಾಡ್ಕೊಂಡ ಹೋಗ್ರಿ’ ಅಂತ ಕರೆಯುತ್ತಾರೆ. ಬೇಡ ಅನ್ನಬೇಡಿ, ಬೇಜಾರು ಮಾಡಿಕೊಳ್ಳುತ್ತಾರೆ. ಒಂದೊಂದು ಕಡೆ ಒಂದೊಂದು ತುತ್ತು ತಿನ್ನಿ.

ಊರಲ್ಲಿ ಯಾರೂ ಇಲ್ಲದವರು ಏನು ಮಾಡಬೇಕು? ‘ಹಳ್ಳಿ ಅನುಭವ’ ಅಂತ ಪ್ಯಾಕೇಜ್ ಮಾರುವವರು ಈಗ ಇದ್ದಾರೆ. ನಾವು ವಾಪಸ್ ಬರುವ ದಿನ ಅಂಥ ಒಂದು ತೋಟಕ್ಕೆ ಹೋಗಿ ತಲೆಗೆ 700 ರೂಪಾಯಿ ಕಳಕೊಂಡೆವು. ಕಿವಿ ಒಡೆಯುವ ಹಾಡು, ಪ್ಲಾಸ್ಟಿಕ್ ಕುರ್ಚಿ, ಸೀತನಿಯನ್ನು ಗ್ಯಾಸಿನ ಮೇಲೆ ಬಿಸಿ ಮಾಡಿ ಕೊಟ್ಟರು. ಸೀತನಿ ಅಂದರೆ ಹಾಗಲ್ಲ. ಜೋಳದ ಹಸಿ ತೆನೆ ಮುರಿದು, ಕುಳ್ಳಿನ (ಬೆರಣಿಯ) ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಕಂಬಳಿ ಮೇಲೆ ತಿಕ್ಕಿ ಕಾಳು ಬಿಡಿಸಿ, ಬೆಲ್ಲವೋ ಶೇಂಗಾ ಹಿಂಡಿಯೋ (ಚಟ್ನಿಪುಡಿ) ಹಚ್ಚಿಕೊಂಡು ತಿನ್ನುವುದು. ಹೊಗೆಯ ವಾಸನೆಯೇ ಅದರ ಅರ್ಧ ರುಚಿ. ಪ್ಯಾಕೇಜಿನ ಬದಲು ಆಫೀಸಿನಲ್ಲಿ, ಓಣಿಯಲ್ಲಿ ಆ ಕಡೆಯವರು ಯಾರಿದ್ದಾರೆ ಕೇಳಿ. ಎಳ್ಳಮಾವಾಸ್ಯೆಗೆ ಬರುತ್ತೇನೆ ಅಂದರೆ ಬೇಡ ಅನ್ನುವವರನ್ನು ನಾನಂತೂ ಕಂಡಿಲ್ಲ. ಕೈಬೀಸಿ ಹೋಗಬೇಡಿ, ಮಕ್ಕಳಿಗೆ ಏನಾದರೂ ತಗೊಂಡು ಹೋಗಿ.

ಹೊರಡುವ ಮೊದಲು ಒಂದು ಮಾತು ಕೇಳಿಕೊಳ್ಳಿ: ‘ಈ ಸಲ ಜೋಳಾ ಹಾಕೀರೇನು?’ ಈಗ ಎಷ್ಟೋ ಊರಲ್ಲಿ ಬರೀ ತೊಗರಿ, ನೀರು ಬಂದ ಕಡೆ ಕಬ್ಬು. ಆ ಹೊತ್ತಿಗೆ ತೊಗರಿ ರಾಶಿ ನಡೆದಿರುತ್ತದೆ, ಮಷಿನ್ ಸದ್ದು, ಧೂಳು. ಮಾಮಾ ಎಂಟು ಎಕರೆಯಲ್ಲಿ ಎರಡೇ ಎಕರೆ ಜೋಳ ಹಾಕಿದ್ದರು. ‘ಕೀಳಾಕ ಆಳ ಸಿಗೂದಿಲ್ಲವಾ, ಮನಿಗೆ ತಿನ್ನಾಕ ಅಷ್ಟ’ ಅಂದರು. ಮುಂದಿನ ವರ್ಷ ಅದೂ ಇರುತ್ತದೋ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಹಬ್ಬದ ತಾರೀಖು ಪಂಚಾಂಗದಲ್ಲಿ ನೋಡಿಕೊಳ್ಳಿ, ವರ್ಷ ವರ್ಷ ಬದಲಾಗುತ್ತದೆ. 2024ರಲ್ಲಿ ಜನವರಿ 11ಕ್ಕೂ ಒಂದು ಎಳ್ಳಮಾವಾಸ್ಯೆ ಬಂದಿತ್ತು. ಹಬ್ಬಕ್ಕೆ ಹೋಗಲಾಗದಿದ್ದರೆ ಜನವರಿ ಎರಡನೇ ವಾರವೂ ಒಳ್ಳೆಯದೇ. ಆಗ ಸೀತನಿ ಪೂರಾ ಬಂದಿರುತ್ತದೆ, ಸಂಕ್ರಾಂತಿಗೆ ವಿಜಯಪುರದಲ್ಲಿ ಸಿದ್ಧೇಶ್ವರ ಜಾತ್ರೆಯೂ ಇರುತ್ತದೆ. ಜಾತ್ರೆಯ ಜನ ನನಗೆ ಆಗಿಬರುವುದಿಲ್ಲ, ನಿಮಗೆ ಇಷ್ಟವಾಗಬಹುದು. ರೈಲು ಟಿಕೆಟ್ ಈಗ 60 ದಿನ ಮುಂಚೆ ತೆರೆಯುತ್ತದೆ, ಆವತ್ತೇ ಮಾಡಿಸಿ.

ಕರಿಂಡಿ ತರುವುದಾದರೆ ಪ್ಲಾಸ್ಟಿಕ್ ಡಬ್ಬಿ ಬೇಡ. ಹುಳಿ ಬರುತ್ತಾ ಉಬ್ಬುತ್ತದೆ, ನಮ್ಮದು ಬಾಗಲಕೋಟೆ ದಾಟುವಾಗ ಮುಚ್ಚಳ ಹಾರಿಸಿತು. ಗಾಜಿನ ಬಾಟಲಿಯಲ್ಲಿ ಅರ್ಧಕ್ಕೆ ತುಂಬಿ, ಮುಚ್ಚಳ ಸಡಿಲ ಬಿಡಿ. ಕಡ್ಲಿ ಹುಳಿಯನ್ನು ಅತ್ತಿ ಔಷಧಿಯ ಸಣ್ಣ ಬಾಟಲಿಗೆ ಹಾಕಿಕೊಟ್ಟಿದ್ದರು, ಅದು ಕ್ಷೇಮವಾಗಿ ಬಂತು.